ಮುಂಗೈ ನೋಡುತ್ತಿದ್ದ ವಕೀಲರು

ಅವರು ಯಾರನ್ನೇ ಆಗಲಿ ಮುಖ ನೋಡಿ ಮಾತಾಡಿಸಿದವರಲ್ಲ, ಮೊದಲು ಮುಂಗೈ ನೋಡುತ್ತಿದ್ದರು. ಎಂಬತ್ತರ ದಶಕದಲ್ಲಿ ನಾನು ಸರಕಾರಿ ವಕೀಲನಾಗಿ ಚಿಕ್ಕೋಡಿ ಕೋರ್ಟಿಗೆ ಹಾಜರಾದ ಮೊದಲ ದಿನವೇ ಇದರ ಅನುಭವವಾಯಿತು. ವಕೀಲರ ಕೋಣೆಯಲ್ಲಿ ಕುಳಿತಿದ್ದ ಗುಂಡಗಿನ, ಗಿಡ್ಡನೆಯ, ಮಾಸಿದ ಕರಿ ಕೋಟಿನ ಮನುಷ್ಯರೊಬ್ಬರು ಎದ್ದು ಬಂದು, ನನ್ನ ಎರಡೂ ಕೈ ಹಿಡಿದು, ತಿರುಗಿಸಿ ನೋಡಿ, "ಎರಡೂ ಮೋಕಳಾ ಅದಾವು. ಬರ್ರಿ, ಚಾ ಕುಡಿಯೂಣು" ಅಂದರು. ಮೋಕಳಾ ಎಂದರೆ ಅಲ್ಲಿಯವರ ಬಾಯಲ್ಲಿ ಬಿಡುವಾಗಿರುವುದು, ಕಟ್ಟಿಲ್ಲದಿರುವುದು. ಹಾನಗಲ್ ಕಡೆಯಿಂದ ಹೋದ ನನಗೆ ಆ ಮರಾಠಿ ಮಿಶ್ರಿತ ಮಾತೂ ಹೊಸದು, ಈ ಮನುಷ್ಯರೂ ಹೊಸಬರು. ಇವರು ಕೈ ನೋಡಿ ಭವಿಷ್ಯ ಹೇಳುವ ಪೈಕಿ ಇರಬೇಕು ಎಂದುಕೊಂಡೆ. ಭವಿಷ್ಯ ಹೇಳುವವರು ನೋಡುವುದು ಅಂಗೈಯನ್ನು ಎಂಬುದು ಆಮೇಲೆ ನೆನಪಾಯಿತು.

ಕೋರ್ಟಿನ ಜವಾನನಿಂದ ಹಿಡಿದು ನ್ಯಾಯಾಧೀಶರ ಮನೆಯವರವರೆಗೆ ಎಲ್ಲರಿಗೂ ಅವರು ಕಾಕಾ. ನಾನೂ ಹಾಗೇ ಕರೆದೆ. ಅವರು ಮಾತ್ರ ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. "ಏನ್ರಿ ಸರಕಾರ, ಊಟಾ ಆತ?" "ಸರಕಾರ, ಇವತ್ತ ಮಾರಿ ಯಾಕ ಸಣ್ಣದಾಗೇತಿ? ಸಾಕ್ಷಿ ತಿರುಗಿ ಬಿದ್ದಾವೇನು?" ನಾನು ಪೊಲೀಸರ ಪರ ವಾದಿಸುವವನು, ಅವರು ಆರೋಪಿಗಳ ಪರ. ಒಳಗೆ ಹಾವು ಮುಂಗುಸಿ, ಹೊರಗೆ ಒಂದೇ ಚಹಾ. ಒಂದೇ ಅಂದರೆ ನಿಜವಾಗಿ ಒಂದೇ. ಒಂದು ಚಹಾ ಹೇಳಿ, ಅರ್ಧ ಬಶಿಗೆ, ಎಂದರೆ ಸಾಸರಿಗೆ, ಸುರಿದು, ಬಶಿ ಎದುರಿಗಿದ್ದವರಿಗೆ ಕೊಟ್ಟು ಕಪ್ಪು ತಾವು ಹಿಡಿಯುವುದು ಅವರ ರೀತಿ. ಆ ಭಾಗದಲ್ಲಿ ಗೆಳೆತನ ಅಳೆಯುವುದೇ ಹೀಗೆ. ಪೂರ್ತಿ ಕಪ್ಪು ಕೊಟ್ಟರೆ ನೀವು ಅತಿಥಿ, ಬಶಿ ಕೊಟ್ಟರೆ ಮನೆಯವರು. ಅವರ ಕೈಯಿಂದ ನನಗೆ ಬಶಿ ಸಿಗುವುದಕ್ಕೆ ಒಂದು ಮಳೆಗಾಲ ಬೇಕಾಯಿತು.

ಮುಂಗೈಯ ಕಥೆ ಹೀಗೆ. ಆರೋಪಿಗಳನ್ನು ಜೈಲಿನಿಂದ ಕೋರ್ಟಿಗೆ ತರುವಾಗ ಬೇಡಿ ಹಾಕಿ, ಬೇಡಿಗೆ ಹಗ್ಗ ಕಟ್ಟಿ, ಹಗ್ಗವನ್ನು ಪೊಲೀಸರು ಹಿಡಿದುಕೊಂಡು ಕೆಂಪು ಬಸ್ಸಿನಲ್ಲಿ ಕರೆತರುವುದು ವಾಡಿಕೆ. ಕದ್ದವನಿಗೂ ಅದೇ, ಬದುವಿಗಾಗಿ ಬೈದಾಡಿದವನಿಗೂ ಅದೇ. ಎಂಬತ್ತರ ದಶಕದ ಆರಂಭದಲ್ಲೇ ಸುಪ್ರೀಂ ಕೋರ್ಟು ಇದು ತಪ್ಪು ಎಂದು ಹೇಳಿಯಾಗಿತ್ತು. ಓಡಿಹೋಗುವ ಭಯ ನಿಜವಾಗಿ ಇದ್ದರೆ, ತಡೆಯಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಬೇಡಿ. ಹಾಕಿದರೆ ಕಾರಣ ಬರೆದಿಡಬೇಕು, ನ್ಯಾಯಾಧೀಶರಿಗೆ ತೋರಿಸಬೇಕು. ತೀರ್ಪು ದೆಹಲಿಯಲ್ಲಿ ಆಯಿತು. ಚಿಕ್ಕೋಡಿಯ ಬಸ್‌ಸ್ಟ್ಯಾಂಡಿಗೆ ಬಂದಿರಲಿಲ್ಲ. ಅದನ್ನು ಅಲ್ಲಿಂದ ಇಲ್ಲಿಗೆ ತರುವುದನ್ನು ಕಾಕಾ ಯಾರೂ ಕೇಳದೆಯೇ ತಮ್ಮ ತಲೆಗೆ ಕಟ್ಟಿಕೊಂಡಿದ್ದರು. ತೀರ್ಪು ಅಚ್ಚಾದ ದಪ್ಪ ಪುಸ್ತಕವನ್ನು ಪಂಚೆಯ ತುಂಡಿನಲ್ಲಿ ಸುತ್ತಿ, ಚಿಕ್ಕೋಡಿ, ರಾಯಬಾಗ, ಅಥಣಿ, ಎಲ್ಲಿ ಕೇಸಿದ್ದರೂ ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿದ್ದರು.

ರಾಯಬಾಗದ ಠಾಣೆಯಲ್ಲಿ ಒಬ್ಬ ಫೌಜದಾರರು ಇದ್ದರು, ಮೀಸೆಯಷ್ಟೇ ಮಾತೂ ದಪ್ಪ. ಕಾಕಾ ಪುಸ್ತಕ ಬಿಚ್ಚಿ ಓದತೊಡಗಿದಾಗ ಅವರು, "ದಿಲ್ಲಿ ಭಾಳ ದೂರ ಐತ್ರಿ ಕಾಕಾ. ಬೇಡಿ ಹಾಕಿದ್ರ ಮನಷ್ಯಾಗ ಏನ್ ನೋವ ಆಗತೈತಿ? ಬಳಿ ಹಾಕ್ಕೊಂಡಂಗ" ಎಂದು ನಕ್ಕರು. ಕಾಕಾ ಪುಸ್ತಕ ಮುಚ್ಚಿ ಚಹಾ ತರಿಸಿದರು. ಹೆಗಲ ಮೇಲಿನ ಟವೆಲ್ಲು ತೆಗೆದು, "ತಮಾಷೆಗೆ ಅಂತ ತಿಳೀರಿ, ಸಾಹೇಬ್ರ" ಎನ್ನುತ್ತ ಫೌಜದಾರರ ಎರಡೂ ಕೈ ಸಡಿಲವಾಗಿ ಕಟ್ಟಿ, "ಈಗ ಬಶಿಗೆ ಸುರುವಿಕೊಂಡ ಕುಡೀರಿ" ಅಂದರು. ಫೌಜದಾರರು ಪಂಥಕ್ಕೆ ಬಿದ್ದು ಕಪ್ಪೆತ್ತಿದರು. ಕಪ್ಪು ಹಿಡಿದರೆ ಬಶಿ ಹಿಡಿಯಲಾಗದು, ಬಶಿ ಹಿಡಿದರೆ ಕಪ್ಪು ಬಗ್ಗಿಸಲಾಗದು. ಕಡೆಗೆ ಚಹಾ ಇಸ್ತ್ರಿ ಮಾಡಿದ ಖಾಕಿ ಅಂಗಿಯ ಮೇಲೆ ಹರಿಯಿತು. ಠಾಣೆಯೆಲ್ಲ ಉಸಿರು ಬಿಗಿಹಿಡಿದು ನಿಂತಿತು. ಫೌಜದಾರರು ಅಂಗಿಯ ಕಲೆ ನೋಡಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರಂತೆ. ಆ ಠಾಣೆಯ ಬೇಡಿಗಳು ಆ ವರ್ಷದಿಂದ ಹೆಚ್ಚಾಗಿ ಗೂಟದ ಮೇಲೆಯೇ ತೂಗಾಡಿದವು.

ಎಲ್ಲರೂ ಹೀಗೆ ನಕ್ಕು ಒಪ್ಪುತ್ತಿರಲಿಲ್ಲ. ಜೈಲಿನಿಂದ ಆರೋಪಿಗಳನ್ನು ಕರೆತರುತ್ತಿದ್ದ ಹವಾಲ್ದಾರರೊಬ್ಬರಿದ್ದರು. ನಿವೃತ್ತಿಗೆ ಹತ್ತಿರವಾದವರು, ಸಾಧು ಸ್ವಭಾವ, ಭಜಿ ಕಂಡರೆ ಮಾತ್ರ ಜೀವ ಬಿಡುವವರು. ಅವರು ಒಂದು ದಿನ ಕೋರ್ಟಿನ ಪಡಸಾಲೆಯಲ್ಲಿ ಕಾಕಾನನ್ನು ತಡೆದು ನಿಲ್ಲಿಸಿದರು.

"ಕಾಕಾ, ನಿಮ್ಮ ಪುಸ್ತಕ ಖರೇ ಹೇಳತೈತಿ ಅನ್ರಿ. ಆದ್ರ ಆರೋಪಿ ಓಡಿ ಹೋದ್ರ ಮನೀಗಿ ಹೋಗಾಂವ ನಾನು. ನನ್ನ ಪೆನ್ಶನ್ ಯಾರ ಕೊಡತಾರ? ಸುಪ್ರೀಂ ಕೋರ್ಟ ಕೊಡತೈತೇನು?"

ಯಾರ ಎದುರಿಗೂ ಮಾತು ಸೋಲದ ಮನುಷ್ಯ ಅವತ್ತು ನನ್ನ ಹತ್ತಿರ ಬಂದು, "ಸರಕಾರ, ಆತ ಕೇಳಿದ್ದಕ್ಕ ಈ ಪುಸ್ತಕದಾಗ ಉತ್ತರ ಇಲ್ಲ" ಅಂದರು. ಚಹಾ ಕೂಡ ಹೇಳಲಿಲ್ಲ.

ಅದೇ ದಿನಗಳಲ್ಲಿ ವಸ್ತಾದನ ಕೇಸು ಬಂತು. ವಸ್ತಾದ ಎಂದರೆ ಕುಸ್ತಿ ಕಲಿಸುವ ಗುರು. ಈತ ಚಿಕ್ಕೋಡಿಯ ಒಂದು ಗರಡಿಮನೆಯವನು, ಆ ಕಡೆ ಅದಕ್ಕೆ ತಾಲೀಮು ಎನ್ನುತ್ತಾರೆ. ಕಂಬದಂಥ ಕುತ್ತಿಗೆ, ಮುದುಡಿದ ಕಿವಿ, ದನಿ ಮಾತ್ರ ಮಗುವಿನದು. ಮುಗಳಖೋಡದ ಹತ್ತಿರ ಒಂದು ಕುಸ್ತಿ ಸಮ ಆಯಿತೋ ಚಿತ್ ಆಯಿತೋ ಎಂಬ ಜಗಳ ಕಲ್ಲುತೂರಾಟವಾಗಿ ಒಬ್ಬನ ತಲೆ ಒಡೆದಿತ್ತು. ಆರೋಪಿಗಳಲ್ಲಿ ವಸ್ತಾದನ ಹೆಸರು ಮೊದಲನೆಯದು. ಜಾಮೀನಿನ ಅರ್ಜಿ ಜಿಲ್ಲಾ ಕೋರ್ಟಿನಲ್ಲಿ ಬಾಕಿ ಬಿದ್ದಿತ್ತು, ಆತ ಬೆಳಗಾವಿ ಜೈಲಿನಲ್ಲಿದ್ದ. ಮೊದಲ ತಾರೀಖಿಗೆ ಬೇಡಿ ಹಾಕಿ, ಹಗ್ಗ ಕಟ್ಟಿ ಕರೆತಂದರು. ಬಸ್‌ಸ್ಟ್ಯಾಂಡಿನಿಂದ ಕೋರ್ಟಿಗೆ ಬರುವ ದಾರಿಯಲ್ಲೇ ಅವನ ತಾಲೀಮು.

ಆ ತಾಲೀಮಿನಲ್ಲಿ ಒಂದು ಪದ್ಧತಿ ಇತ್ತು. ಅಖಾಡಕ್ಕೆ ಇಳಿಯುವ ಪೈಲ್ವಾನ ಒಂದು ಚಿಟಿಕೆ ಕೆಂಪು ಮಣ್ಣು ತಂದು ವಸ್ತಾದನ ಬಲಗೈಗೆ ಕೊಡಬೇಕು, ವಸ್ತಾದ ಅದನ್ನು ಅವನ ಹೆಗಲಿಗೆ ತಟ್ಟಬೇಕು. ತಟ್ಟದೆ ಕುಸ್ತಿಯಿಲ್ಲ. ಅವತ್ತು ಗುರು ಬರುವುದನ್ನು ಕಂಡು ಶಿಷ್ಯರು ಹೊರಗೋಡಿ ಬಂದರು. ಒಬ್ಬನ ಮುಷ್ಟಿಯಲ್ಲಿ ಮಣ್ಣಿತ್ತು. ಆತ ಮಣ್ಣು ಚಾಚಿದ ಮೇಲೆಯೇ ಎಲ್ಲರೂ ಗುರುವಿನ ಕೈ ನೋಡಿದ್ದು. ವಸ್ತಾದ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟ.

ಕೋರ್ಟಿಗೆ ಬಂದವನು ಕಾಕಾಗೆ ಹೇಳಿದ್ದು ಇಷ್ಟೇ: "ಜೈಲ ಹತ್ತ ವರ್ಷ ಆದ್ರೂ ಕುಂಡರತೀನ್ರಿ. ಆದ್ರ ಬೇಡಿ ಹಾಕ್ಕೊಂಡ ಅವರ ಮುಂದ ಇನ್ನೊಮ್ಮೆ ಹಾದ್ರ, ಈ ಕೈಲೆ ಅಖಾಡದ ಮಣ್ಣ ಮುಟ್ಟಾಂಗಿಲ್ಲ. ತಾಲೀಮ ಬಂದ ಮಾಡತೀನಿ."

ಕಾಕಾ ಆವತ್ತೇ ಅರ್ಜಿ ಹಾಕಿದರು. ವಿರೋಧಿಸುವುದು ನನ್ನ ಕೆಲಸ, ವಿರೋಧಿಸಿದೆ. "ಆರೋಪಿ ಹೆಸರಾಂತ ಪೈಲ್ವಾನ. ಇಬ್ಬರು ಪೊಲೀಸರು ಸೇರಿದರೂ ಹಿಡಿಯಲಾರರು. ಬೇಡಿ ಬೇಕೇ ಬೇಕು" ಎಂದು ಗಟ್ಟಿಯಾಗಿ ವಾದಿಸಿದೆ. ನನ್ನ ವಾದ ನನಗೇ ಚೆನ್ನಾಗಿ ಕಂಡಿತ್ತು. ಕಾಕಾ ಎದ್ದರು.

"ಸರಕಾರಿ ವಕೀಲರು ಹೇಳಿದ್ದು ಖರೇ ಐತ್ರಿ ಸ್ವಾಮಿ. ಇಬ್ರೂ ಸೇರಿದ್ರೂ ಹಿಡಿಯಾಕ ಆಗೂದಿಲ್ಲ. ಆದ್ರ ಹಗ್ಗಾ ಕಟ್ಟಿದ್ರ ಏನಾಗತೈತಿ? ಓಡೂವಾಗ ಇಬ್ರನ್ನೂ ಎಳಕೊಂಡ ಹೋಗತಾನ. ಈಗ ಒಬ್ಬನ್ನ ಹುಡುಕೂದು, ಆವಾಗ ಮೂವರನ್ನ ಹುಡುಕಬೇಕಾಗತೈತಿ."

ನ್ಯಾಯಾಧೀಶರು ಮೈಸೂರು ಕಡೆಯವರು, ಮಿತಭಾಷಿ. ತುಟಿ ಕಚ್ಚಿಕೊಂಡು ನಗು ತಡೆದರು. ಆಮೇಲೆ ಕಾಕಾ ತಮಾಷೆ ಬಿಟ್ಟು, ಪುಸ್ತಕ ಬಿಚ್ಚಿ ಓದಿದರು. ಇಂಗ್ಲಿಷನ್ನು ತಮ್ಮದೇ ರಾಗದಲ್ಲಿ, ನಡುನಡುವೆ ಅರ್ಥವನ್ನೂ ಹೇಳುತ್ತ. ಈತ ಹಿಂದೆ ಎಂದೂ ಓಡಿಹೋದವನಲ್ಲ, ಠಾಣೆಗೆ ತಾನೇ ನಡೆದು ಬಂದವನು. ಕಾರಣ ಎಲ್ಲಿ ಬರೆದಿದೆ ತೋರಿಸಿ ಎಂದು ನನ್ನನ್ನು ಕೇಳಿದರು. ಬರೆದಿರಲಿಲ್ಲ, ತೋರಿಸಲಿಲ್ಲ. ಮುಂದಿನ ತಾರೀಖಿನಿಂದ ಬೇಡಿಯಿಲ್ಲದೆ ಕರೆತರಬೇಕೆಂದು ಆದೇಶವಾಯಿತು. ಪಡಸಾಲೆಯಲ್ಲಿ ಹವಾಲ್ದಾರರ ಮುಖ ನೋಡಲಾಗುತ್ತಿರಲಿಲ್ಲ.

ಮುಂದಿನ ತಾರೀಖು ಬಂತು. ಕೋರ್ಟು ಕೂಡುವ ಹೊತ್ತಿಗೆ ನಾವಿಬ್ಬರೂ ಪಡಸಾಲೆಯಲ್ಲಿದ್ದೆವು. ಗೇಟಿನಿಂದ ವಸ್ತಾದ ನಡೆದು ಬರುತ್ತಿದ್ದ. ಕೈಗಳು ಬಿಡುವಾಗಿದ್ದವು ಎನ್ನಲಾರೆ. ಒಂದು ಕೈಯಲ್ಲಿ ಪೊಲೀಸ್ ಟೊಪ್ಪಿಗೆ, ಇನ್ನೊಂದರಲ್ಲಿ ಲಾಠಿ, ಹೆಗಲಿಗೆ ಅವನದೇ ಜೈಲಿನ ಕಾಗದಪತ್ರಗಳ ಚೀಲ. ಪೊಲೀಸರು ಮಾತ್ರ ಎಲ್ಲೂ ಇಲ್ಲ.

"ಪೊಲೀಸರೆಲ್ಲೋ?" ಎಂದು ಕಾಕಾ ಕಣ್ಣರಳಿಸಿದರು.

"ನಿಪ್ಪಾಣ್ಯಾಗ ಉಳದ್ರು ರಿ" ಎಂದು ವಸ್ತಾದ ಅಳುಮೋರೆ ಮಾಡಿದ.

ನಿಪ್ಪಾಣಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಅಂದು ಸಂತೆಯ ದಿನ, ಬಸ್ಸಿಗೆ ಜನ ಮುಗಿಬಿದ್ದಿದ್ದರು. ಅಂಥಲ್ಲಿ ಕಿಟಕಿಯಿಂದ ಟವೆಲ್ಲೋ ಟೊಪ್ಪಿಗೆಯೋ ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ಅಲಿಖಿತ ಕಾನೂನು, ಸುಪ್ರೀಂ ಕೋರ್ಟೂ ಅದನ್ನು ಮುರಿಯಲಾರದು. ಹವಾಲ್ದಾರರಿಗೆ ಭಜಿಯ ವಾಸನೆ ಬಡಿದಿತ್ತು.

"ಹವಾಲ್ದಾರ್ ಸಾಹೇಬ್ರು ಅಂದ್ರು, 'ಪೈಲ್ವಾನ, ಹೆಂಗೂ ನಿನ್ನ ಕೈ ಮೋಕಳಾ ಅದಾವು. ನುಗ್ಗಿ ಮೂರ ಸೀಟ ಹಿಡಿ, ನಾವು ಎರಡ ಭಜಿ ತಿಂದ ಬಂದ್ವಿ' ಅಂತ. ಸಾಮಾನೆಲ್ಲಾ ನನ್ನ ಕೈಯಾಗ ಕೊಟ್ರು. ನುಗ್ಗಿದೆ, ಹಿಡದೆ. ಅಷ್ಟರಾಗ ಕಂಡಕ್ಟರ್ ಸೀಟಿ ಹೊಡದ. ನಿಲ್ಲಸ್ರೋ ಅಂತ ಒದರಿದೆ. ಸೀಟಿನ ಸಲುವಾಗಿ ಜಗಳಾ ತಗದಾನ ಅಂತ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

"ಮುಂದ ಇಳೀಬೇಕಿಲ್ಲೋ!"

"ನಡುವ ಇಳದ್ರ ಓಡಿ ಹೋದ ಅಂತಾರು. ಕೋರ್ಟಿಗೆ ಬರೂದು ನನ್ನ ಕೆಲಸಾ, ಬಂದೆ. ಒಂದ ಸೀಟ ಒಬ್ಬಾಕಿ ಮುದುಕಿಗೆ ಬಿಟ್ಟ ಕೊಟ್ನಿರಿ. ಹವಾಲ್ದಾರ್ ಸಾಹೇಬ್ರ ಸೀಟು ಮಾತ್ರ ಚಿಕ್ಕೋಡಿತನಕ ಯಾರಿಗೂ ಬಿಡಲಿಲ್ಲ."

ಅಷ್ಟರಲ್ಲಿ ಕಿರಿಯ ವಕೀಲರೆಲ್ಲ ಸೇರಿದ್ದರು. ನಗುವೋ ನಗು. ಒಬ್ಬ, "ಕಾಕಾ, ಇದನ್ನ ಪೇಪರಿಗೆ ಕೊಡ್ರಿ! ಬೇಡಿ ಇಲ್ಲದ ಆರೋಪಿ ಪೊಲೀಸರ ಟೊಪ್ಪಿಗಿ ಹಿಡಕೊಂಡ ತಾನಾಗೇ ಕೋರ್ಟಿಗೆ ಬಂದಾನ. ಇದಕ್ಕಿಂತ ದೊಡ್ಡ ಗೆಲುವ ಬೇಕೇನ್ರಿ?" ಎಂದ. ಪತ್ರಿಕೆಯ ವರದಿಗಾರನೂ ಅಲ್ಲೇ ಎದುರಿನ ಹೋಟೆಲಿನಲ್ಲಿ ಕುಳಿತಿದ್ದ. ಕಾಕಾನ ಕಣ್ಣು ಒಮ್ಮೆ ಹೊಳೆಯಿತು, ಸುಳ್ಳು ಹೇಳಬಾರದು. ಆ ಪುಸ್ತಕ ಹೊತ್ತು ತಿರುಗಿದ ವರ್ಷಗಳಿಗೆಲ್ಲ ಒಂದೇ ಬೆಳಿಗ್ಗೆ ಕೂಲಿ ಸಿಕ್ಕಂತಿತ್ತು. ಆದರೆ ಅವರು ವಸ್ತಾದನ ಕೈಯಲ್ಲಿದ್ದ ಟೊಪ್ಪಿಗೆಯನ್ನು ತಿರುಗಿಸಿ ನೋಡಿದರು.

"ಕೊಟ್ರ ನನ್ನ ಹೆಸರಾಗತೈತಿ. ಹವಾಲ್ದಾರನ ನೌಕರಿ ಹೋಗತೈತಿ. ನಾಳಿಯಿಂದ ಈ ಜಿಲ್ಲಾದಾಗ ಒಬ್ಬ ಪೊಲೀಸನರೆ ಅಂಜಿಕಿಲ್ಲದ ಬೇಡಿ ಬಿಚ್ಚತಾನೇನು?" ಎಂದು ಆ ಕಿರಿಯ ವಕೀಲನನ್ನೇ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವೇನಂತೀರಿ, ಸರಕಾರ?" ಅಂದರು.

"ಕಾಕಾ, ನಾನು ನ್ಯಾಯಾಧೀಶರ ಮುಂದೆ ಸುಳ್ಳು ಹೇಳುವುದಿಲ್ಲ."

"ಸುಳ್ಳ ಹೇಳ ಅಂತ ಯಾರಂದ್ರು? ನಾನೂ ಹೇಳಾಂಗಿಲ್ಲ."

ಕೇಸು ಕೂಗಿದರು. ಕಾಕಾ ಎದ್ದು, ಕೋಟು ಸರಿಪಡಿಸಿಕೊಂಡು, ಮದುವೆಯ ಮುಹೂರ್ತ ಹೇಳುವಷ್ಟು ಗಂಭೀರವಾಗಿ, "ಆರೋಪಿ ಹಾಜರ್ ಅದಾನ್ರಿ ಸ್ವಾಮಿ. ಪೊಲೀಸರು ಗೈರುಹಾಜರ್" ಅಂದರು.

ನ್ಯಾಯಾಧೀಶರು ಕನ್ನಡಕ ತೆಗೆದರು. ಕಟಕಟೆಯಲ್ಲಿ ಟೊಪ್ಪಿಗೆಯನ್ನು ಎದೆಗವಚಿಕೊಂಡು ನಿಂತ ವಸ್ತಾದನನ್ನು ನೋಡಿದರು. "ಸರ್ಕಾರ ಏನು ಹೇಳುತ್ತೆ?" ಎಂದು ನನ್ನನ್ನು ಕೇಳಿದರು. "ಆರೋಪಿ ಓಡಿಹೋಗಿಲ್ಲ ಸ್ವಾಮಿ. ಅಷ್ಟನ್ನು ಖಚಿತವಾಗಿ ಹೇಳಬಲ್ಲೆ" ಅಂದೆ.

"ಸರಿ ಹಾಗಾದ್ರೆ. ಪೊಲೀಸರು ಬರೋವರೆಗೂ ಆರೋಪಿ ಅವರನ್ನ ಕಾಯಲಿ."

ಊಟದ ಹೊತ್ತಿಗಿಂತ ಮೊದಲು ಹವಾಲ್ದಾರರೂ ಅವರ ಜೊತೆಯ ಪೇದೆಯೂ ಬಂದರು. ನಿಪ್ಪಾಣಿಯಿಂದ ಸಿಕ್ಕ ತಂಬಾಕಿನ ಲಾರಿ ಹತ್ತಿ ಬಂದಿದ್ದರು. ಟೊಪ್ಪಿಗೆಯಿಲ್ಲದ ತಲೆ, ಕೆಂಪು ಕಣ್ಣು, ಸೀನಿನ ಮೇಲೆ ಸೀನು. ಓಡಿಬಂದ ಹವಾಲ್ದಾರರು ಬೆಂಚಿನ ಮೇಲೆ ಕುಳಿತಿದ್ದ ವಸ್ತಾದನನ್ನು ಕಂಡದ್ದೇ ಅವನ ಪಕ್ಕಕ್ಕೆ ದೊಪ್ಪನೆ ಕುಳಿತರು. ವಸ್ತಾದನೇ ಎತ್ತಿ ನಿಲ್ಲಿಸಿ ಟೊಪ್ಪಿಗೆ ತೊಡಿಸಿದ. ಒಳಗೆ ನ್ಯಾಯಾಧೀಶರು ಹೇಳಿದ್ದು ನನಗೆ ಇಂದಿಗೂ ಕಂಠಪಾಠ: "ಬೇಡಿ ಹಾಕಿದ್ರೆ ಕಾರಣ ಬರೀಬೇಕು ಅಂತ ಮೇಲಿನ ಕೋರ್ಟು ಹೇಳಿದೆ. ಹಾಕದೆ ಬಂದವನ ಬಗ್ಗೆ ಬರೆಯೋದಕ್ಕೆ ಏನೂ ಇಲ್ಲ. ಹವಾಲ್ದಾರರೇ, ಮುಂದಿನ ಸಲ ಭಜಿ ನಮ್ಮ ಕೋರ್ಟಿನ ಮುಂದೆ ತಿನ್ನಿ." ಹವಾಲ್ದಾರರು ಉತ್ತರವಾಗಿ ಸೀನಿದರು.

ಹೊರಗೆ ಬಂದ ಹವಾಲ್ದಾರರು ಕಾಕಾನ ಮುಂದೆ ಕೈ ಜೋಡಿಸಿದರು. ಕಾಕಾ ಆ ಜೋಡಿಸಿದ ಕೈಗಳನ್ನು ಬಿಡಿಸಿ, "ಪೆನ್ಶನ್ ಯಾರ ಕೊಡತಾರ ಅಂತ ಕೇಳಿದ್ರೆಲ್ಲ, ಹವಾಲ್ದಾರ್ರ? ಪೈಲ್ವಾನ ಕೊಟ್ಟಾನ ನೋಡ್ರಿ" ಎಂದರು.

ಮಧ್ಯಾಹ್ನ ಅವರೆಲ್ಲ ಬಸ್‌ಸ್ಟ್ಯಾಂಡಿಗೆ ಹೊರಟಾಗ ನಾನೂ ಕಾಕಾನೂ ಅದೇ ದಾರಿ ಹಿಡಿದೆವು. ನನ್ನ ಮನೆ ಇದ್ದದ್ದು ಎದುರು ದಿಕ್ಕಿಗೆ. ತಾಲೀಮಿನ ಮುಂದೆ ಹವಾಲ್ದಾರರು ತಾವಾಗಿಯೇ ನಿಂತು, "ನೋಡಪಾ, ನನ್ನ ಕಾಲ ನೋವು ಹಿಡದೈತಿ. ಸ್ವಲ್ಪ ಕುಂಡರತೀನಿ" ಎಂದು ಕಟ್ಟೆಯ ಮೇಲೆ ಕುಳಿತರು. ಶಿಷ್ಯರು ಬಾಗಿಲಲ್ಲಿ ನಿಂತಿದ್ದರು, ಹತ್ತಿರ ಬರಲು ಅಂಜಿಕೆ. ವಸ್ತಾದ ಎರಡೂ ಕೈ ಮೇಲೆತ್ತಿ ತಿರುಗಿಸಿ ತೋರಿಸಿದ. ಮಣ್ಣು ತರಲು ಒಬ್ಬರ ಮೇಲೊಬ್ಬರು ಬಿದ್ದರು. ಆತ ಒಬ್ಬೊಬ್ಬನ ಹೆಗಲಿಗೂ ಮಣ್ಣು ತಟ್ಟುವ ಸದ್ದು ರಸ್ತೆಯ ಆಚೆಗೂ ಕೇಳುತ್ತಿತ್ತು. ನಾನು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡೆ. ಅರ್ಜಿ ವಿರೋಧಿಸಿದ ವಕೀಲ ಹಾಗೆ ಮಾಡಬಾರದು, ಮಾಡಿದೆ. ಕಾಕಾ ನನ್ನ ಕಡೆ ನೋಡದೆಯೇ, "ಧೂಳ ಭಾಳ ಐತಲ್ಲ, ಸರಕಾರ" ಅಂದರು. ಅವರೂ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಕೇಸು ಮುಂದೆ ಖುಲಾಸೆಯಾಯಿತು. ಕಲ್ಲೆಸೆದವರು ಯಾರೆಂದು ನನ್ನ ಸಾಕ್ಷಿಗಳಿಗೇ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಹಿಡಿಯುವ ಪೊಲೀಸರು ಎದೆಯ ಮೇಲೆ ತಮ್ಮ ಹೆಸರಿನ ಪಟ್ಟಿ ಹಾಕಿಕೊಂಡಿರಬೇಕು, ಹಿಡಿದ ಸುದ್ದಿಯನ್ನು ಮನೆಯವರಿಗೆ ತಿಳಿಸಬೇಕು, ಈ ನಿಯಮಗಳನ್ನು ಪ್ರತಿ ಠಾಣೆಯಲ್ಲೂ ಕಾಣುವಂತೆ ಹಚ್ಚಬೇಕು ಎಂದು. ಕಾಕಾಗೆ ಅಷ್ಟರಲ್ಲಿ ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಬೇರೆ. ಆದರೂ ಅಥಣಿ, ಕಾಗವಾಡ ಎನ್ನುತ್ತ ಠಾಣೆ ಠಾಣೆ ಸುತ್ತಿ ಗೋಡೆ ನೋಡಿ ಬಂದರು. ಒಂದು ಕಡೆ ಅದನ್ನು ಬಾಗಿಲ ಹಿಂದೆ ಹಚ್ಚಿದ್ದರಂತೆ. "ಬಾಗಲಾ ತಗದ್ರ ಕಾಯ್ದೆ ಮುಚ್ಚತೈತಿ. ಠಾಣೆ ಬಂದ ಇಟ್ಟಾಗಷ್ಟ ಓದಬೇಕೇನ್ರಿ?" ಎಂದು ಕೇಳಿ, ತಾವೇ ಅಂಟು ತರಿಸಿ ಎದುರು ಗೋಡೆಗೆ ಹಚ್ಚಿಸಿದರಂತೆ. ನಾನು ಆಗ ಬೆಳಗಾವಿಗೆ ವರ್ಗವಾಗಿದ್ದೆ. ಇದನ್ನೆಲ್ಲ ಫೋನಿನಲ್ಲಿ ಹೇಳಿ ನಗುತ್ತಿದ್ದರು.

ಕೊನೆಯ ಫೋನು ಅವರದಲ್ಲ, ವಸ್ತಾದನದು. "ಕಾಕಾನ್ನ ಮಿರಜ್ ದವಾಖಾನಿಗೆ ಹಾಕೇವ್ರಿ. ಸರಕಾರನ್ನ ಕರೀರಿ ಅಂತ ಹಟಾ ಹಿಡದಾರ." ಅವತ್ತೇ ಹೊರಟೆ.

ಮಂಚದ ಮೇಲೆ ಕಾಕಾ ಅರ್ಧಕ್ಕಿಳಿದಿದ್ದರು. ಒಂದು ಕೈಗೆ ಸಲಾಯಿನ್, ಆ ಕೈಯನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ನನ್ನನ್ನು ಕಂಡವರೇ ಮುಖ ನೋಡಲಿಲ್ಲ. ಮುಂಗೈ ನೋಡಿ, "ನಿಮ್ಮೂ ಮೋಕಳಾ ಅದಾವು. ನಂದ ನೋಡ್ರಿ ಸರಕಾರ" ಎಂದು ಕಟ್ಟಿದ ಕೈ ಅಲ್ಲಾಡಿಸಿದರು. "ಕಾರಣ ಬರದೀರೇನ ಅಂತ ಸಿಸ್ಟರ್‌ಗೆ ಕೇಳಿದೆ. ಮರಾಠ್ಯಾಗ ಬೈದ್ಲು. ಅರ್ಜಿ ಹಾಕಬೇಕ್ರಿ. ನನ್ನ ಕಡೆ ವಕೀಲರ ಯಾರೂ ಇಲ್ಲ."

ನಾನು ನರ್ಸಮ್ಮನ ಹತ್ತಿರ ಹೋದೆ. ಆಕೆ ಗಡಿಯಾಚೆಯ ಆ ಊರಿನವಳೇ, ಕನ್ನಡ ತಡವರಿಸುತ್ತ ಬರುತ್ತಿತ್ತು. "ಆಜೋಬಾ... ಅಜ್ಜಾರು ಸುಯಿ... ಸೂಜಿ ಕಿತ್ತತಾರ. ಎರಡ ಸಲ ಕಿತ್ತ್ಯಾರ. ಕಟ್ಟದ ಏನ್ ಮಾಡೂಣು?" ಎಂದಳು. ಕಾರಣ ನಿಜವಾದದ್ದೇ. ಇಷ್ಟು ವರ್ಷ ನಾನು ವಾದಿಸಿದ್ದೂ ಇಂಥದೇ ಕಾರಣ ಹಿಡಿದು. ಅವತ್ತು ಮೊದಲ ಸಲ ಆಚೆ ಕಡೆ ನಿಂತೆ.

"ಬೇರೆ ದಾರಿ ಇಲ್ಲದಾಗ ಮಾತ್ರ ಕಟ್ಟಬೇಕು, ತಾಯಿ. ಬೇರೆ ದಾರಿ ಐತಿ. ಬಾಟ್ಲಿ ಮುಗಿಯೂತನಕ ಇವರ ಕೈ ನಾನು ಹಿಡಕೊಂಡ ಕೂಡತೀನಿ. ಕಿತ್ತಿದ್ರ ನನ್ನ ಕೇಳ್ರಿ. ನಾನು ಜಾಮೀನು."

ಆಕೆ ನನ್ನ ನರೆತ ತಲೆ ನೋಡಿದಳು, ನಿಟ್ಟುಸಿರು ಬಿಟ್ಟಳು, ಬಂದು ಗಂಟು ಬಿಚ್ಚಿದಳು. ಮುಂಗೈಯ ಮೇಲೆ ಬಟ್ಟೆಯ ಗುರುತು ಕೆಂಪಗೆ ಮೂಡಿತ್ತು. ನಾನು ಆ ಕೈ ಹಿಡಿದು ಕುಳಿತೆ. ಕಾಕಾ ಬಾಟ್ಲಿ ಮುಗಿಯುವವರೆಗೆ ಮಿಸುಕಾಡಲಿಲ್ಲ, ಜಾಮೀನುದಾರನ ಮಾನ ಉಳಿಸಬೇಕಲ್ಲ.

ಸೂಜಿ ತೆಗೆದ ಮೇಲೆ ವಸ್ತಾದ ಹೊರಗಿನಿಂದ ಸಕ್ಕರೆ ಇಲ್ಲದ ಚಹಾ ತಂದ, ಒಂದೇ ಕಪ್ಪು, ಒಂದು ಬಶಿ. ಕುಡಿಸಲು ಹೋದವನನ್ನು ಕಾಕಾ ತಡೆದರು. ಕಟ್ಟು ಬಿಚ್ಚಿದ ಕೈಯಲ್ಲಿ ತಾವೇ ಕಪ್ಪು ಎತ್ತಿ, ಬಶಿಗೆ ಬಗ್ಗಿಸಿದರು. ಸ್ವಲ್ಪ ಹೊದಿಕೆಯ ಮೇಲೆ ಚೆಲ್ಲಿತು. ಬಶಿಯನ್ನು ನನ್ನ ಕಡೆ ಚಾಚಿ ಅಂದರು:

"ತಗೋರಿ ಸರಕಾರ. ಇವತ್ತ ಕೇಸ ಗೆದ್ದೀರಿ."